ಹಕಾರ ಬಿಟ್ಟ ಮಾತು

ಡೊರೀನ್, ಮಂಗಳವಾರ ನಾನು ಬರಲಿಲ್ಲ.

ನ್ಯೂ ವಾಕ್‌ನಲ್ಲಿ, ಟ್ರಿಬ್ಯೂನಲ್ ಮೆಟ್ಟಿಲ ಮೇಲೆ
ಥರ್ಮಾಸ್ ಹಿಡಿದು ಕೂತಿದ್ದೆಯಂತೆ,
ಎರಡು ಲೋಟ ತಂದಿದ್ದೆಯಂತೆ.
ಹತ್ತೂವರೆಗೆ ಒಳಗಿಂದ ಕೂಗಿದರಂತೆ
ಗುರುಸಿದ್ದವ್ವ ಎಂಬ ಹೆಸರನ್ನು ನಾಲ್ಕು ತುಂಡು ಮಾಡಿ.

ಆಗ ನಾನು ಗ್ರೀನ್ ಲೇನ್ ರಸ್ತೆಯ ಮೂರನೇ ಮಹಡಿಯಲ್ಲಿ
ಯಾರದೋ ಪಾರ್ಟಿಯ ಉಡುಪಿಗೆ ಜಿಪ್ ಕೂರಿಸುತ್ತಿದ್ದೆ.
ಕಿಟಕಿಗೆ ಕಂದು ಕಾಗದ.
ಬೆಂಕಿ ಬಿದ್ದರೆ ಓಡಬೇಕಾದ ಹಿಂಬಾಗಿಲಿಗೆ ಸೈಕಲ್ಲಿನ ಬೀಗ.
ಗಂಟೆಗೆ ನಾಲ್ಕು ಪೌಂಡ್, ನಲವತ್ತು ಗಂಟೆ.
ಚೀಟಿಯಲ್ಲಿ ಗಂಟೆಗೆ ಹತ್ತು, ಹದಿನಾರೇ ಗಂಟೆ.
ಲೆಕ್ಕ ಸರಿಹೋಗುತ್ತದೆ, ಡೊರೀನ್,
ಕಾಗದದಲ್ಲಿ ಯಾವಾಗಲೂ ಸರಿಹೋಗುತ್ತದೆ.

ಈ ಕಟ್ಟಡ ನನಗಿಂತ ಮೊದಲು ನಿನಗೆ ಗೊತ್ತು.
ನಿನ್ನವ್ವ ಇಲ್ಲೇ ಕಾಲುಚೀಲದ ಹಿಮ್ಮಡಿ ಹೆಣೆಯುತ್ತಿದ್ದಳು,
ಯಂತ್ರದ ಸದ್ದಿಗೆ ನಿನ್ನ ಎಡಗಿವಿ ಹೋದದ್ದೂ ಇಲ್ಲೇ.
"ಆಗ ನಮಗೊಂದು ಸಂಘ ಇತ್ತು" ಅನ್ನುತ್ತೀಯ,
ನಮ್ಮೋಣಿಯ ಮುದುಕಿಯರು
ಆಗ ಬಾವಿಯಲ್ಲಿ ನೀರಿತ್ತು ಅನ್ನುವ ಹಾಗೆ.

ಮೊದಲು ಬಂದದ್ದು ವಕೀಲರ ಪತ್ರ, ದಪ್ಪ ಕಾಗದ:
ಮಾಲೀಕರ ಮಾನ ಹೋಗಿದೆ, ಎಂಬತ್ತು ಸಾವಿರ ಕಟ್ಟು.
ಮಾನಕ್ಕೂ ಇಲ್ಲಿ ಕೂಲಿ ಇದೆ, ನಮ್ಮದಕ್ಕಿಂತ ಜಾಸ್ತಿ.
ಆಮೇಲೆ ಚರ್ಚಿನವರು ಕೊಟ್ಟ ಕೋಣೆ ವಾಪಸ್ ಕೇಳಿದರು,
ಛಾವಣಿ ಸೋರುತ್ತದೆ ಅಂತ. ಸೋರುತ್ತಿರಲಿಲ್ಲ.
ಬ್ಯಾಂಕಿನವರು ಖಾತೆ ಮುಚ್ಚಿದರು,
ಕಾರಣ ಹೇಳುವ ಹಂಗು ಅವರಿಗಿಲ್ಲ.
ಕೌನ್ಸಿಲರ್ ಬಿಸ್ಕತ್ತು ಮುಂದಿಟ್ಟು ಹೇಳಿದರು,
"ಅದು ಅವರವರ ಸಮುದಾಯದ ಸೂಕ್ಷ್ಮ ವಿಷಯ."
ಒಂದು ಬೆಳಿಗ್ಗೆ ಕಾರಿನ ಮುಂಗಾಜಿನ ತುಂಬ
ಬಟ್ಟೆ ಅಂಟಿಸುವ ಗೋಂದು.
ಬ್ಲೇಡಿನಿಂದ ಕೆರೆದೆ ನೀನು,
ಎರಡು ಕಣ್ಣಿಗೆ ಸಾಲುವಷ್ಟು ತೂತು ಮಾಡಿಕೊಂಡು
ಓಡಿಸಿದೆ.

ಇಷ್ಟನ್ನೂ ದಾಟಿದೆ. ದಾಟಲಾಗದ್ದು ನಾನು.

ಸುಳ್ಳೇಕೆ, ನನ್ನನ್ನು ಯಾರೂ ಹೊಡೆಯಲಿಲ್ಲ.
ಸೂಪರ್‌ವೈಸರ್ ನನ್ನ ಮಗನ ಶಾಲೆಯ ಹೆಸರು ಹೇಳಿದ,
ಒಳ್ಳೇ ಶಾಲೆ, ಅಂದ.
ಗಂಡನ ವೀಸಾ ಯಾವ ತಿಂಗಳಿಗೆ ಮುಗಿಯುತ್ತದೆ, ಕೇಳಿದ.
ಅಷ್ಟೇ.
ಅವತ್ತು ಊಟದ ಹೊತ್ತಿಗೆ ನನ್ನ ಪಕ್ಕ ಯಾರೂ ಕೂರಲಿಲ್ಲ,
ಜಶುಮತಿ ಕೂಡ,
ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ದಿನಾ ಕೈಚಾಚುವವಳು.

ಕಳೆದ ಚಳಿಯಲ್ಲಿ ಬಸ್ ಸ್ಟಾಪಿನಲ್ಲಿ ಕೇಳಿದ್ದೆ ನೀನು,
ಹೆದರಿದವರಿಗೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?
ಹೆದರಬ್ಯಾಡ ಅಂತೀವಿ, ಅಂದೆ ನಾನು.
ಅಂಗೈ ಮೇಲೆ ಬರೆದುಕೊಂಡೆ ನೀನು.
ಆದರೆ ಲೆಸ್ಟರಿನ ನಾಲಿಗೆ ಹಕಾರ ನುಂಗುತ್ತದೆ.
ಎದರಬ್ಯಾಡ, ಎದರಬ್ಯಾಡ,
ಬಸ್ಸು ಬರುವವರೆಗೂ ಬಾಯಿಪಾಠ ಮಾಡಿದೆ.
ನಾನು ತಿದ್ದಲಿಲ್ಲ, ನಕ್ಕೆ.
ಒಂದು ಉಸಿರು ಕಡಿಮೆಯಾದರೆ ಸಾಕು,
ಹೆದರು ಹೋಗಿ ಎದುರಾಗುತ್ತದೆ ನಮ್ಮ ಮಾತಿನಲ್ಲಿ.
ನೀನು ಹೇಳಿದ್ದನ್ನೇ ಮಾಡಿದೆ ನಾನು, ಡೊರೀನ್.
ಎದುರಾಗಲಿಲ್ಲ.

ಇನ್ನೊಂದು ಹೇಳಬೇಕು.
ಬೆಟಗೇರಿಯಲ್ಲಿ ನಮ್ಮಜ್ಜಿ, ಅಕ್ಷರ ಬಾರದವಳು,
ಮಗ್ಗದ ಕೂಲಿಯ ಲೆಕ್ಕವನ್ನು ನೂಲಿಗೆ ಗಂಟು ಹಾಕಿ ಇಡುತ್ತಿದ್ದಳು.
ಸಾಹುಕಾರ ಖಾತೆ ಪುಸ್ತಕ ತೆಗೆದರೆ ಇವಳು ನೂಲು ತೆಗೆಯುವಳು.
ನಾನೂ ಹಾಕಿದ್ದೇನೆ.
ಗಂಟೆಗೊಂದು ಗಂಟು, ದಿನಕ್ಕೊಂದು ಕೆಂಪೆಳೆ,
ಹದಿನಾಲ್ಕು ತಿಂಗಳು,
ಲಂಗದ ನೇಫೆಯೊಳಗೆ ಲಾಡಿಯ ಜೊತೆ.
ಇದು ಸಾಕ್ಷಿಯೋ ಬರೀ ಸಿಕ್ಕೋ
ನಿನ್ನ ಕಾನೂನಿಗೆ ಗೊತ್ತು.

ಇವತ್ತೂ ಗೇಟಿನ ಬಳಿ ನಿಂತಿದ್ದೀಯ.
ಕಂದು ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ನೋಡಿದೆ.
ಕರಪತ್ರ ಯಾರೂ ತೆಗೆದುಕೊಳ್ಳುತ್ತಿಲ್ಲ,
ಹುಡುಗನೊಬ್ಬ ತೆಗೆದುಕೊಂಡು ಶೂ ಒರೆಸಿಕೊಂಡ.
ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದೀಯ.

ಆರಕ್ಕೆ ಬೆಲ್ಲು. ಐವತ್ತೆರಡು ಮೆಟ್ಟಿಲು.
ಮುಂಬಾಗಿಲಿನಿಂದ ಹೋದರೆ ನೀನು ಸಿಗುತ್ತೀಯ.
ಹಿಂಬಾಗಿಲಿಗೆ,
ನೀನೇ ಫೋಟೊ ತೆಗೆದಿದ್ದೆಯಲ್ಲ,
ಬೀಗ.